ಬಿಸಿಯಾಗದ ಆಂಪ್ಲಿಫೈಯರ್, ಮಳೆನಾಡಿನ ಸ್ಪೀಕರ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಸಂಗೀತ ಕೇಳುವ ಹುಚ್ಚಿಗೇನೂ ಬರವಿಲ್ಲ. ಯಕ್ಷಗಾನದ ಹಳೆಯ ಧ್ವನಿಮುದ್ರಣ, ಹಿಂದೂಸ್ತಾನಿ ಗಾಯನ, ಭಾವಗೀತೆ ಎಲ್ಲಕ್ಕೂ ಶ್ರೋತೃಗಳಿದ್ದಾರೆ. ಅವರಲ್ಲೊಬ್ಬರು ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಮನಸ್ಸು ಗಟ್ಟಿ ಮಾಡಿ ದುಬಾರಿಯ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ತಂದರು ಎನ್ನೋಣ. ಇನ್ನು ಇದಕ್ಕೆ ಆಂಪ್ಲಿಫೈಯರ್ ಯಾವುದು? ಕೇಳಿದಲ್ಲೆಲ್ಲ ಬರುವ ಉತ್ತರ, 'ಚೆನ್ನಾಗಿ ಬಿಸಿಯಾಗುವುದೇ ಚೆನ್ನಾಗಿ ಹಾಡುತ್ತದೆ' ಎಂಬುದು. ಈ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಈಗ ಇಲ್ಲ. ಮಲೆನಾಡಿನ ಮನೆಗಂತೂ ತಣ್ಣಗೆ ದುಡಿಯುವ ಆಂಪ್ಲಿಫೈಯರೇ ಸರಿ. ಏಕೆಂದು ತಿಳಿಯಬೇಕಾದರೆ ಆ ಬಿಸಿ ಎಲ್ಲಿಂದ ಹುಟ್ಟುತ್ತದೆಂದು ನೋಡಬೇಕು.

ಮೊಬೈಲಿನಿಂದಲೋ ಸಿಡಿ ಪ್ಲೇಯರಿನಿಂದಲೋ ಬರುವ ಸಂಕೇತಕ್ಕೆ ಸ್ಪೀಕರಿನ ಕೋನನ್ನು ಅಲುಗಿಸುವಷ್ಟು ಕಸುವಿಲ್ಲ. ಆಂಪ್ಲಿಫೈಯರ್ ತನ್ನೊಳಗಿನ ಪವರ್ ಸಪ್ಲೈಯಿಂದ ವಿದ್ಯುತ್ತನ್ನು ತೆಗೆದುಕೊಂಡು, ಸಂಕೇತ ಹೇಳಿದಷ್ಟನ್ನೇ ಅಳೆದು ಸ್ಪೀಕರಿಗೆ ಬಿಡುತ್ತದೆ. ಅಳೆದು ಬಿಡುವ ಕೆಲಸ ಟ್ರಾನ್ಸಿಸ್ಟರುಗಳದು. 8 ಓಮಿಗೆ ಸುಮಾರು 60 ವ್ಯಾಟ್ ಕೊಡಬಲ್ಲ ಸಾಮಾನ್ಯ ಆಂಪ್ಲಿಫೈಯರಿನೊಳಗೆ 35 ವೋಲ್ಟಿನಷ್ಟು ಒತ್ತಡ ಸದಾ ಸಿದ್ಧವಿರುತ್ತದೆ. ನಾವು ನಡುಮನೆಯಲ್ಲಿ ಹಿತವಾಗಿ ಕೇಳುವಾಗ ಸ್ಪೀಕರಿಗೆ ಬೇಕಾದದ್ದು 1 ವ್ಯಾಟ್, ಅಂದರೆ ಅಲೆಯ ತುದಿಯಲ್ಲಿ 4 ವೋಲ್ಟ್, ಅರ್ಧ ಆಂಪಿಯರ್. ಉಳಿದ 31 ವೋಲ್ಟನ್ನು ಟ್ರಾನ್ಸಿಸ್ಟರ್ ತನ್ನ ಮೈಮೇಲೆ ಹೊತ್ತುಕೊಳ್ಳುತ್ತದೆ. ವೋಲ್ಟನ್ನು ಕರೆಂಟಿನಿಂದ ಗುಣಿಸಿದರೆ ಬರುವುದೇ ಶಾಖ. ಲೆಕ್ಕ ಹಾಕಿದರೆ ಸ್ಪೀಕರಿಗೆ 1 ವ್ಯಾಟ್ ಮುಟ್ಟಿಸಲು ಸುಮಾರು 10 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಇದು ಮನೆಮನೆಯಲ್ಲಿರುವ ಕ್ಲಾಸ್ ಎಬಿ ಬಗೆಯ ಕಥೆ.

ಕ್ಲಾಸ್ ಎ ಬಗೆಯಲ್ಲಿ ಖರ್ಚು ಇನ್ನೂ ಹೆಚ್ಚು. ಅಲ್ಲಿ ಟ್ರಾನ್ಸಿಸ್ಟರುಗಳು ಹಾಡಿದ್ದರೂ ಇಲ್ಲದಿದ್ದರೂ ಪೂರ್ತಿ ಕರೆಂಟು ಹರಿಸುತ್ತಲೇ ಇರುತ್ತವೆ. ಅದಕ್ಕೊಂದು ಕಾರಣವಿದೆ. ಸಂಕೇತದ ಅಲೆ ಧನದಿಂದ ಋಣಕ್ಕೆ ದಾಟುವಾಗ ಒಂದು ಟ್ರಾನ್ಸಿಸ್ಟರ್ ಕೆಲಸ ಬಿಟ್ಟು ಇನ್ನೊಂದು ಹಿಡಿದುಕೊಳ್ಳಬೇಕು. ಈ ಕೈಬದಲಾವಣೆಯಲ್ಲಿ ಅಲೆ ಚೂರು ಸೊಟ್ಟಗಾಗುತ್ತದೆ. ಯಾವುದೂ ಕೆಲಸ ಬಿಡದಿದ್ದರೆ ಆ ಸೊಟ್ಟವೇ ಇಲ್ಲ. 1969ರಲ್ಲಿ ಬ್ರಿಟನ್ನಿನ ಜಾನ್ ಲಿನ್ಸ್‌ಲಿ ಹುಡ್ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಕೊಟ್ಟ 10 ವ್ಯಾಟಿನ ಕ್ಲಾಸ್ ಎ ನಕ್ಷೆಯನ್ನು ಹವ್ಯಾಸಿಗಳು ಇಂದಿಗೂ ಕಟ್ಟುತ್ತಾರೆ, ಅದರ ದನಿಯನ್ನು ಮೆಚ್ಚುತ್ತಾರೆ. ಬಿಸಿಗೂ ಒಳ್ಳೆಯ ದನಿಗೂ ನಂಟು ಬೆಳೆದದ್ದು ಹೀಗೆ. ಆದರೆ ಜೋಡಿ ಟ್ರಾನ್ಸಿಸ್ಟರಿನ ಕ್ಲಾಸ್ ಎ ದಕ್ಷತೆ ಸಿದ್ಧಾಂತದಲ್ಲೇ ಶೇ. 50ನ್ನು ದಾಟದು. 25 ವ್ಯಾಟಿನ ಸ್ಟೀರಿಯೋ ಪೆಟ್ಟಿಗೆಯೊಂದು ಸುಮ್ಮನೆ ಕುಳಿತಾಗಲೂ 150ರಿಂದ 200 ವ್ಯಾಟ್ ನುಂಗುತ್ತದೆ.

ತಣ್ಣಗಿರುವ ಆಂಪ್ಲಿಫೈಯರಿನ ದಾರಿಯೇ ಬೇರೆ. ಹಳೆಯ ಫ್ಯಾನಿನ ದಪ್ಪ ರೆಗ್ಯುಲೇಟರ್ ಬೇಡದ ವಿದ್ಯುತ್ತನ್ನು ಸುಟ್ಟು ಬಿಸಿಯಾಗುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ತಣ್ಣಗಿರುತ್ತದೆ. ಕ್ಲಾಸ್ ಡಿ ಆಂಪ್ಲಿಫೈಯರ್ ಮಾಡುವುದೂ ಇದನ್ನೇ, ಆದರೆ ಸೆಕೆಂಡಿಗೆ ನಾಲ್ಕೈದು ಲಕ್ಷ ಸಲ. ಇದರೊಳಗಿನ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ತೆರೆದಾಗ ಕರೆಂಟು ಹರಿಯುತ್ತದೆ, ಆದರೆ ಅದರ ಮೇಲೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ಮುಚ್ಚಿದಾಗ ವೋಲ್ಟೇಜ್ ಇದೆ, ಕರೆಂಟಿಲ್ಲ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ, ಶಾಖವೂ ಸೊನ್ನೆಯ ಹತ್ತಿರ. ತೆರೆದಿರುವ ಅವಧಿ ಸಂಕೇತಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಕೊನೆಯಲ್ಲಿ ಒಂದು ತಂತಿಸುರುಳಿ ಮತ್ತು ಕೆಪಾಸಿಟರ್ ಈ ತುಂಡುಗಳನ್ನು ನಯವಾದ ಅಲೆಯಾಗಿ ಸರಿಪಡಿಸುತ್ತವೆ. ಜೋರಾಗಿ ಹಾಡುವಾಗ ದಕ್ಷತೆ ಶೇ. 90ರ ಆಸುಪಾಸು.

ಇದು ಹೊಸ ವಿಚಾರವೇನಲ್ಲ. ಸಾಗರದ ಬಳಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲೇ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಎಕ್ಸ್-10 ಎಂಬ ಕ್ಲಾಸ್ ಡಿ ಕಿಟ್ ಮಾರಾಟಕ್ಕಿಟ್ಟಿದ್ದರು. ಅಂದಿನ ಟ್ರಾನ್ಸಿಸ್ಟರುಗಳಿಗೆ ಅಷ್ಟು ಚುರುಕಾಗಿ ತೆರೆದು ಮುಚ್ಚುವುದು ಆಗಲಿಲ್ಲ. ಹೇಳಿದ 10 ವ್ಯಾಟ್ ಬರಲೇ ಇಲ್ಲ. ಚುರುಕಿನ ಮಾಸ್‌ಫೆಟ್ ಬಂದ ಮೇಲೆ ವಿಚಾರಕ್ಕೆ ಜೀವ ಬಂತು. ಡೆನ್ಮಾರ್ಕಿನ ಕಾರ್ಸ್ಟನ್ ನೀಲ್ಸನ್ 1998ರಲ್ಲಿ ಮುಗಿಸಿದ ಸಂಶೋಧನೆಯ ಬೆನ್ನಿಗೇ ಬ್ಯಾಂಗ್ ಅಂಡ್ ಒಲುಫ್ಸೆನ್ ಕಂಪನಿಯ ಐಸ್‌ಪವರ್ ಎಂಬ ಕ್ಲಾಸ್ ಡಿ ಆಂಪ್ಲಿಫೈಯರ್ ಬಂತು. ಬೆಲ್ಜಿಯಮ್ಮಿನ ಬ್ರೂನೋ ಪುಟ್ಸೈಸ್ ಮೊದಲು ಫಿಲಿಪ್ಸ್‌ನಲ್ಲಿ, ಆಮೇಲೆ ಹೈಪೆಕ್ಸ್ ಮತ್ತು ಪ್ಯೂರಿಫೈ ಕಂಪನಿಗಳಲ್ಲಿ ಇದರ ವಿಕೃತಿಯನ್ನು, ಅಂದರೆ ಅಲೆ ಸೊಟ್ಟಗಾಗುವುದನ್ನು, ಕಿವಿಗೆ ನಿಲುಕದಷ್ಟು ಕೆಳಗೆ ತಂದರು. ತಣ್ಣಗಿರುವುದು ಎಂದರೆ ದನಿಯಲ್ಲಿ ರಾಜಿ ಎನ್ನುವ ಮಾತು ಅಲ್ಲಿಗೆ ಹಳತಾಯಿತು.

ಇನ್ನು ಸ್ಪೀಕರಿನ ಕಡೆಯಿಂದ ನೋಡೋಣ. ಚಿಕ್ಕ ಪೆಟ್ಟಿಗೆಯ ಉತ್ತಮ ಸ್ಪೀಕರುಗಳಿಗೆ ಹಸಿವು ಜಾಸ್ತಿ. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗೆಂದು ರೂಪಿಸಿದ, ಒಂದಡಿ ಎತ್ತರದ ಎಲ್ಎಸ್3/5ಎ ಈ ಜಾತಿಯ ಹಿರಿಯಣ್ಣ. ಅದಕ್ಕೆ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 83 ಡೆಸಿಬೆಲ್ ಮಾತ್ರ. ಈಗಿನವು 85ರ ಸುತ್ತಮುತ್ತ. ಅಂಥ ಜೋಡಿಯನ್ನು ಮೂರು ಮೀಟರ್ ದೂರ ಕೂತು 1 ವ್ಯಾಟಿನಲ್ಲಿ ಕೇಳಿದರೆ ಸುಮಾರು 80 ಡೆಸಿಬೆಲ್. ಮನೆಗೆ ಅದು ಧಾರಾಳ. ಆದರೆ ಭಾಗವತರ ಪದ್ಯದ ನಡುವೆ ಬಡಗುತಿಟ್ಟಿನ ಚಂಡೆಯ ಪೆಟ್ಟು ಬಿತ್ತೆನ್ನಿ. ಆ ಕ್ಷಣದ ಏರು 18 ಡೆಸಿಬೆಲ್ ಇದ್ದರೆ ಬೇಕಾಗುವ ಶಕ್ತಿ 63 ಪಟ್ಟು. 20 ವ್ಯಾಟಿನ ಪೆಟ್ಟಿಗೆಯಲ್ಲಿ ಪೆಟ್ಟಿನ ತಲೆ ಕತ್ತರಿಸಿಹೋಗಿ ಚಂಡೆ ಡಬ್ಬದ ಸದ್ದಾಗುತ್ತದೆ. 60ರಿಂದ 100 ವ್ಯಾಟ್ ಇದ್ದರೆ ಪೆಟ್ಟು ಪೆಟ್ಟಾಗಿಯೇ ಕೇಳುತ್ತದೆ. ಅದಕ್ಕಿಂತ ಮೇಲಕ್ಕೆ ದುಡ್ಡು ಸುರಿಯುವುದು ವ್ಯರ್ಥ: ವ್ಯಾಟ್ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್ ಅಷ್ಟೆ.

ಎರಡನೆಯದು ಓಮ್. ಸ್ಪೀಕರಿನ ಬೆನ್ನಿಗೆ 8 ಓಮ್ ಎಂದು ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 4ಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಆಗ ಇಮ್ಮಡಿ ಕರೆಂಟು ಬೇಕು. ಹಾಗಾಗಿ ಆಂಪ್ಲಿಫೈಯರ್ 4 ಓಮಿಗೆ ಎಷ್ಟು ವ್ಯಾಟ್ ಕೊಡುತ್ತದೆಂದು ನೋಡಿ. 8 ಓಮಿನದಕ್ಕಿಂತ ಅದು ಹೆಚ್ಚೂಕಡಿಮೆ ಎರಡರಷ್ಟಿದ್ದರೆ ಕಸುವಿದೆ ಎಂದರ್ಥ. ಕ್ಲಾಸ್ ಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಗ್ಗದ ವಿನ್ಯಾಸಗಳು ತಮ್ಮ ತಪ್ಪನ್ನು ತಿದ್ದಿಕೊಳ್ಳುವ ಫೀಡ್‌ಬ್ಯಾಕನ್ನು ಕೊನೆಯ ಸುರುಳಿಗಿಂತ ಮೊದಲೇ ತೆಗೆದುಕೊಳ್ಳುತ್ತವೆ. ಆಗ ಸ್ಪೀಕರಿನ ಓಮ್ ಬದಲಾದಂತೆ ಮೇಲಿನ ಸ್ವರಗಳು ಒಮ್ಮೆ ಚುಚ್ಚುತ್ತವೆ, ಒಮ್ಮೆ ಮಂಕಾಗುತ್ತವೆ. ಒಂದು ಸ್ಪೀಕರಿಗೆ ಹೊಂದಿದ ಪೆಟ್ಟಿಗೆ ಇನ್ನೊಂದಕ್ಕೆ ಹೊಂದದಿರಲು ಇದೇ ಕಾರಣ. ಸುರುಳಿಯ ಆಚೆಯಿಂದ ಫೀಡ್‌ಬ್ಯಾಕ್ ತೆಗೆದುಕೊಳ್ಳುವ ವಿನ್ಯಾಸ ಯಾವ ಸ್ಪೀಕರಿಗೂ ಒಂದೇ ತೆರನಾಗಿ ಹಾಡುತ್ತದೆ. ದುಬಾರಿ ಸ್ಪೀಕರ್ ಇಟ್ಟುಕೊಂಡವರು ಇದೊಂದನ್ನು ಕೇಳಿಯೇ ಕೊಳ್ಳಬೇಕು.

ಈ ಎರಡು ಲೆಕ್ಕ ಎಲ್ಲ ಊರಿಗೂ ಒಂದೇ. ಆದರೆ ಶರಾವತಿ, ವಾರಾಹಿಗಳಿಂದ ನಾಡಿಗೆ ವಿದ್ಯುತ್ ಕೊಟ್ಟ ಈ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಮಾಮೂಲು. ಸಂಗೀತ ಸಾಗಬೇಕಾದ್ದು ಇನ್ವರ್ಟರಿನ ಮೇಲೆ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಿಂದ ಕೈಗೆ ದಕ್ಕುವುದು ಸುಮಾರು 1,000 ವ್ಯಾಟ್-ಗಂಟೆ. 200 ವ್ಯಾಟಿನ ಕ್ಲಾಸ್ ಎ ಅದನ್ನು ಐದು ಗಂಟೆಯಲ್ಲಿ ಖಾಲಿ ಮಾಡಿ ಮನೆಯನ್ನು ಕತ್ತಲಲ್ಲಿಡುತ್ತದೆ. ಕ್ಲಾಸ್ ಡಿಗೆ ಹಿತವಾದ ಸದ್ದಿನಲ್ಲಿ 15-20 ವ್ಯಾಟ್ ಸಾಕು. ಎರಡು ಎಲ್ಇಡಿ ಬಲ್ಬಿನ ಖರ್ಚು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳು ಗುಂಯ್‌ಗುಡುತ್ತವೆ, ಆದ್ದರಿಂದ ಸೈನ್ ವೇವ್ ಇನ್ವರ್ಟರೇ ಇರಲಿ. ಪವರ್ ಸಪ್ಲೈ 90ರಿಂದ 264 ವೋಲ್ಟಿನವರೆಗೆ ತಡೆಯುವಂಥದಾದರೆ ಸಂಜೆಯ ಲೋ ವೋಲ್ಟೇಜಿನಲ್ಲೂ ದನಿ ಕುಗ್ಗದು. ಪೆಟ್ಟಿಗೆಯ ಹಿಂದೆ ಇಂಥ ಅಂಕಿ ಅಚ್ಚಾಗಿರುತ್ತದೆ.

ಬಿಸಿ ಕಡಿಮೆಯಾದರೆ ಆಯುಷ್ಯ ಹೆಚ್ಚು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಬಾಳಿಕೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ. ಬಿಸಿ ಪೆಟ್ಟಿಗೆಗೆ ಗಾಳಿಕಂಡಿ ಬೇಕು. ಕಂಡಿಯಿದ್ದಲ್ಲಿ ಇರುವೆ ಬರುತ್ತದೆ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಬರುತ್ತದೆ, ಅದು ಬೋರ್ಡಿನ ಮೇಲೆ ಹರಿದರೆ ಶಾರ್ಟ್ ಆಗಿ ಹಲ್ಲಿಯೂ ಬೋರ್ಡೂ ಸಾಯುತ್ತವೆ. ತಣ್ಣಗಿನ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಡಬಹುದು.

ಬಿಸಿ ಪೆಟ್ಟಿಗೆಯ ಪರವಾಗಿ ಒಂದು ನ್ಯಾಯವಾದ ಮಾತಿದೆ: ಅದು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯಂಥಲ್ಲಿ ಪುಸ್ತಕಕ್ಕೆ, ಚಪ್ಪಲಿಗೆ ಬೂಷ್ಟು ಹಿಡಿಯುವಾಗ ಆಂಪ್ಲಿಫೈಯರಿನ ಕನೆಕ್ಟರುಗಳಿಗೂ ಕಿಲುಬು ಹಿಡಿಯುತ್ತದೆ. ಪರಿಹಾರ ಸುಲಭ. ಆರಿದ್ರೆ ಮಳೆಯಿಂದ ಆಶ್ಲೇಷದವರೆಗೆ ಕ್ಲಾಸ್ ಡಿಯನ್ನು ದಿನಕ್ಕೆ ಕೆಲವು ಗಂಟೆ ಹಾಕಿಡಿ. ಅದರ ಸಣ್ಣ ಬಿಸಿಯೇ ಥಂಡಿಯನ್ನು ದೂರವಿಡುತ್ತದೆ. ಭರಣಿ, ಕೃತ್ತಿಕೆಯ ಗುಡುಗಿನ ದಿನಗಳಲ್ಲಿ, ಮತ್ತೆ ಚಿತ್ತೆ, ಸ್ವಾತಿಯಲ್ಲಿ ಮಾತ್ರ ಕೇಳಿದ ಮೇಲೆ ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಆರಿಸಿದರೆ ಸಿಡಿಲಿಗೆ ತಡೆಯಲ್ಲ. ಸ್ಪೀಕರ್ ಆಯ್ದುಕೊಳ್ಳುವಾಗಲೂ ಕೋನಿನ ಅಂಚು ರಬ್ಬರಿನದಿರಲಿ. ಫೋಮಿನ ಅಂಚು ತೇವಕ್ಕೆ ಪುಡಿಯಾಗುತ್ತದೆ. ಎಂಡಿಎಫ್ ಹಲಗೆಯ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಟ್ಟರೆ ಉಬ್ಬುತ್ತದೆ.

ಜಾಹೀರಾತಿನ ವ್ಯಾಟಿಗೆ ಮರುಳಾಗಬೇಡಿ. ಕ್ಲಾಸ್ ಡಿ ಚಿಪ್ಪುಗಳ ದೊಡ್ಡ ಅಂಕಿಗಳು ಅನೇಕ ಸಲ ಶೇ. 10 ವಿಕೃತಿಯಲ್ಲಿ ಅಳೆದವು. ಕೇಳಲಾಗದ ದನಿ ಅದು. ಶೇ. 1 ಅಥವಾ ಅದಕ್ಕಿಂತ ಕಡಿಮೆ ವಿಕೃತಿಯಲ್ಲಿ ಎಷ್ಟೆಂದು ಕೇಳಿ. ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸಿನಲ್ಲಿ ಕೇಳಿ ಬೆಳೆದವರ ಮನೆಯಲ್ಲಿ ಇನ್ನೂ ಮಧ್ಯಮ ತರಂಗದ ರೇಡಿಯೋ ಇದ್ದರೆ ಅದನ್ನು ದೂರವಿಡಿ, ಕಾರಣ ಕ್ಲಾಸ್ ಡಿ ಕತ್ತರಿಸುವ ವೇಗವೂ ಆ ಸೀಮೆಗೆ ಹತ್ತಿರದ್ದು. ಇಂಥ ಅನೇಕ ಪೆಟ್ಟಿಗೆಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ವಿದ್ಯುತ್ತಿರುತ್ತದೆ; ಎಡಬಲದ ಕಪ್ಪು ತಂತಿಗಳನ್ನು ಒಟ್ಟಿಗೆ ಜೋಡಿಸಲೇಬಾರದು.

ಕೊಳ್ಳುವ ಮೊದಲು ಮನೆಗೆ ತಂದು ಕೇಳುವ ಅವಕಾಶ ಕೇಳಿ ಪಡೆಯಿರಿ. ಹೆಗ್ಗೋಡಿನ ನೀನಾಸಮ್ ರಂಗಮಂದಿರದಲ್ಲಿ ನಟರ ಹಾಡು ಕೇಳಿದವರಿಗೆ, ಬಯಲಾಟದ ಚಂಡೆಗೆ ಹತ್ತಿರ ಕೂತವರಿಗೆ ಅಸಲು ಸದ್ದು ಹೇಗಿರುತ್ತದೆಂದು ಗೊತ್ತು. ಅದಕ್ಕಿಂತ ದೊಡ್ಡ ಅಳತೆಗೋಲಿಲ್ಲ. ಪರಿಚಿತ ಧ್ವನಿಮುದ್ರಣವನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹಾಕಿ, ಮದ್ದಳೆಯ ನುಡಿ ಬಿಡಿಬಿಡಿಯಾಗಿ ಉಳಿಯುತ್ತದೆಯೇ ಎಂದು ಗಮನಿಸಿ. ಉಳಿದರೆ ಆಂಪ್ಲಿಫೈಯರಿನ ಹುಡುಕಾಟ ಅಲ್ಲಿಗೇ ನಿಲ್ಲಲಿ. ಶಾಖ ಹೊರಹಾಕುವ ದೊಡ್ಡ ಹೀಟ್‌ಸಿಂಕಿಗೆ ಕೊಡಬೇಕಿದ್ದ ದುಡ್ಡನ್ನು ಸ್ಪೀಕರಿಗೆ, ಗಟ್ಟಿಯಾದ ಸ್ಟ್ಯಾಂಡಿಗೆ, ಗೋಡೆಯ ಮಾರ್ದನಿ ತಗ್ಗಿಸುವ ದಪ್ಪ ಪರದೆಗೆ ಹಾಕಿ. ದನಿಯಲ್ಲಿ ನಿಜವಾಗಿ ಕೇಳಿಸುವ ವ್ಯತ್ಯಾಸ ಅವು ಮೂರರಿಂದ ಬರುತ್ತದೆ.