ರಕ್ತದ ಕೆರೆಗೊಂದು ಕೋಡಿ

ಮೂತ್ರಪಿಂಡವೆಂದರೆ ದೇಹದ ಕೊಳೆಯನ್ನು ಸೋಸಿ ಹೊರಹಾಕುವ ಜರಡಿ ಎಂಬುದು ನಮ್ಮಲ್ಲಿ ಬೇರೂರಿರುವ ತಿಳಿವಳಿಕೆ. ಅದು ಅರ್ಧ ಸತ್ಯ. ಸೋಸಿದ್ದರಲ್ಲಿ ಯಾವುದನ್ನು ಎಷ್ಟು ಮರಳಿ ಪಡೆಯಬೇಕೆಂಬ ವಿವೇಚನೆಯೇ ಅದರ ನಿಜವಾದ ಹೆಚ್ಚುಗಾರಿಕೆ. ಆ ವಿವೇಚನೆಯನ್ನು ಫಾಸ್ಫೇಟ್ ಎಂಬ ಒಂದೇ ಲವಣದ ಮೂಲಕ ಈ ಹೊತ್ತು ವಿವರಿಸಲು ಯತ್ನಿಸುತ್ತೇನೆ.

ಫಾಸ್ಫೇಟಿನಲ್ಲಿರುವ ಮೂಲವಸ್ತು ರಂಜಕ. ವಯಸ್ಕರ ದೇಹದಲ್ಲಿ ಅದು ಸುಮಾರು ೭೦೦ ಗ್ರಾಂನಷ್ಟಿದೆ. ನೂರಕ್ಕೆ ೮೫ ಪಾಲು ಮೂಳೆ ಹಲ್ಲುಗಳಲ್ಲಿ, ಉಳಿದದ್ದು ಬಹುಮಟ್ಟಿಗೆ ಜೀವಕೋಶಗಳ ಒಳಗೆ. ರಕ್ತದಲ್ಲಿ ಹರಿದಾಡುವುದು ಅತ್ಯಲ್ಪ. ಆ ಅಲ್ಪವೂ ಬಹುಕಾಲ ಕಡಿಮೆಯಾದರೆ ಮೂಳೆ ಮೆತ್ತಗಾಗುತ್ತದೆ. ಹೆಚ್ಚಾದರೆ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ.

ನಾನಿರುವ ಚಿಕ್ಕಬಾಣಾವರದಲ್ಲಿ ಒಂದು ಕೆರೆಯಿದೆ. ಯಾವ ಕೆರೆಯಲ್ಲೇ ಆಗಲಿ, ನೀರು ಎಷ್ಟೆತ್ತರ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಅದರ ಕೋಡಿ. ಆ ಮಟ್ಟವನ್ನು ಮೀರಿದ ನೀರು ಹೊರಗೆ ಹರಿದುಹೋಗುತ್ತದೆ. ರಕ್ತದ ಫಾಸ್ಫೇಟಿಗೂ ಮೂತ್ರಪಿಂಡ ಇಂಥದೊಂದು ಕೋಡಿಯನ್ನು ಕಟ್ಟಿದೆ. ವ್ಯತ್ಯಾಸವಿಷ್ಟೆ: ಕೆರೆಯ ಕೋಡಿ ಕಲ್ಲಿನದು, ಈ ಕೋಡಿ ಏರಬಲ್ಲದು, ಇಳಿಯಬಲ್ಲದು.

ಅದು ಹೇಗೆಂದು ನೋಡೋಣ. ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ಸೋಸುತ್ತವೆ. ಅದರೊಡನೆ ಬಂದ ಫಾಸ್ಫೇಟಿನಲ್ಲಿ ನೂರಕ್ಕೆ ೮೦ರಿಂದ ೯೦ ಪಾಲು, ಬಹುಮಟ್ಟಿಗೆ ಸೂಕ್ಷ್ಮನಾಳದ ಮೊದಲ ಭಾಗದಲ್ಲಿಯೇ, ಮರಳಿ ರಕ್ತ ಸೇರುತ್ತದೆ. ಅಲ್ಲಿನ ಜೀವಕೋಶಗಳ ಮೇಲ್ಮೈ ಕುಂಚದ ಕೂದಲಿನಂತಹ ನವಿರಾದ ಎಳೆಗಳಿಂದ ತುಂಬಿದೆ. ಆ ಎಳೆಗಳ ಪೊರೆಯಲ್ಲಿ ಪ್ರೋಟೀನಿನ ವಾಹಕಗಳಿವೆ. ಜೀವಕೋಶವು ತನ್ನೊಳಗಿನ ಸೋಡಿಯಮ್ಮನ್ನು ಹಿಂಬದಿಯಿಂದ ರಕ್ತದ ಕಡೆಗೆ ಸದಾ ಹೊರನೂಕುತ್ತಿರುತ್ತದೆ. ಆದ್ದರಿಂದ ನಾಳದಲ್ಲಿರುವ ಸೋಡಿಯಂ ಒಳನುಗ್ಗಲು ಹವಣಿಸುತ್ತದೆ. ವಾಹಕವು ಆ ನುಗ್ಗಾಟದ ಬಲವನ್ನೇ ಬಳಸಿ ಫಾಸ್ಫೇಟನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಇಂಥ ವಾಹಕಗಳಲ್ಲಿ ಮುಖ್ಯವಾದದ್ದರ ಜೀನನ್ನು ಜ್ಯೂರಿಕ್ಕಿನ ಹೈನಿ ಮುರರ್ ಅವರ ತಂಡ ೧೯೯೩ರಲ್ಲಿ ಗುರುತಿಸಿತು.

ವಾಹಕಗಳು ಎಷ್ಟಿವೆಯೋ ಕೋಡಿ ಅಷ್ಟೆತ್ತರ. ಊಟದಲ್ಲಿ ಫಾಸ್ಫೇಟ್ ಕಡಿಮೆಯಾದರೆ ಜೀವಕೋಶ ಇನ್ನಷ್ಟು ವಾಹಕಗಳನ್ನು ಮೇಲ್ಮೈಗೆ ತರುತ್ತದೆ. ಹೆಚ್ಚಾದರೆ ಎರಡು ಕಡೆಯಿಂದ ಆಜ್ಞೆ ಬರುತ್ತದೆ. ಕೊರಳಿನ ಪ್ಯಾರಾಥೈರಾಯಿಡ್ ಗ್ರಂಥಿಗಳ ಹಾರ್ಮೋನು ಒಂದು. ಮೂಳೆಯೇ ಸ್ರವಿಸುವ ಎಫ್‌ಜಿಎಫ್-೨೩ ಎಂಬ ಹಾರ್ಮೋನು ಇನ್ನೊಂದು. ಕಣಜದ ಒಡೆಯನೇ ಲೆಕ್ಕವನ್ನೂ ಇಡುತ್ತಾನೆಂಬ ಈ ಸಂಗತಿ ತಿಳಿದುಬಂದದ್ದು ೨೦೦೦ದಿಂದ ಈಚೆಗೆ. ಮೂಳೆಯ ಮಾತು ಮೂತ್ರಪಿಂಡಕ್ಕೆ ಕೇಳಿಸಬೇಕಾದರೆ ಕ್ಲೋತೋ ಎಂಬ ಮತ್ತೊಂದು ಪ್ರೋಟೀನು ಬೇಕು. ೧೯೯೭ರಲ್ಲಿ ಜಪಾನಿನ ವಿಜ್ಞಾನಿಗಳು ಬಾಳಿನ ನೂಲನ್ನು ನೂಲುವ ಗ್ರೀಕ್ ದೇವತೆಯ ಹೆಸರನ್ನು ಅದಕ್ಕಿಟ್ಟರು. ಆಜ್ಞೆ ತಲಪಿದಾಗ ಜೀವಕೋಶ ವಾಹಕಗಳನ್ನು ಒಳಕ್ಕೆಳೆದು ಕರಗಿಸಿಬಿಡುತ್ತದೆ. ಕೋಡಿ ಇಳಿಯುತ್ತದೆ, ಹೆಚ್ಚಿನ ಫಾಸ್ಫೇಟ್ ಮೂತ್ರದಲ್ಲಿ ಹೊರಟುಹೋಗುತ್ತದೆ.

ಇಷ್ಟನ್ನೂ ಹೇಳುವುದಕ್ಕೆ ಕಾರಣವಿದೆ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡ ಸೊರಗತೊಡಗಿದಾಗ ಸೋಸುವ ಘಟಕಗಳು ಒಂದೊಂದಾಗಿ ನಾಶವಾಗುತ್ತವೆ. ಉಳಿದವು ತಮ್ಮ ಕೋಡಿಯನ್ನು ಇನ್ನೂ ಇಳಿಸಿ ನಷ್ಟವನ್ನು ತುಂಬಿಕೊಡುತ್ತವೆ. ಅದಕ್ಕಾಗಿ ಆ ಎರಡು ಹಾರ್ಮೋನುಗಳು ವರ್ಷಗಟ್ಟಲೆ ಏರುತ್ತಲೇ ಹೋಗುತ್ತವೆ. ಆದರೂ ರಕ್ತಪರೀಕ್ಷೆಯಲ್ಲಿ ಫಾಸ್ಫೇಟ್ ಸರಿಯಾಗಿಯೇ ಕಾಣುತ್ತದೆ, ರೋಗಿ ನಿಶ್ಚಿಂತೆಯಿಂದಿರುತ್ತಾನೆ. ಕೋಡಿಯನ್ನು ಇಳಿಸಲು ಇನ್ನು ಎಡೆಯಿಲ್ಲವೆಂದಾದಾಗ ಫಾಸ್ಫೇಟ್ ಏರುತ್ತದೆ. ಡಯಾಲಿಸಿಸ್ ಕೂಡ ಅದನ್ನು ಸಾಕಷ್ಟು ತೆಗೆಯಲಾರದು.

ಆಗ ಊಟಕ್ಕೆ ಕಟ್ಟುಪಾಡು ಬರುತ್ತದೆ. ಮುದ್ದೆಯುಣ್ಣುವ ನಮ್ಮ ಸೀಮೆಯಲ್ಲಿ ಮೊದಲು ಏಳುವ ಪ್ರಶ್ನೆ: ರಾಗಿಯನ್ನು ಬಿಡಬೇಕೆ? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ಹಳೆಯ ಕೋಷ್ಟಕವು ನೂರು ಗ್ರಾಂ ರಾಗಿಯಲ್ಲಿ ೨೮೩ ಮಿಲಿಗ್ರಾಂ ರಂಜಕವನ್ನು ತೋರಿಸುತ್ತದೆ. ಆದರೆ ಧಾನ್ಯದ ರಂಜಕ ಬಹುಪಾಲು ಫೈಟೇಟ್ ಎಂಬ ಬಿಗಿಯಾದ ರೂಪದಲ್ಲಿದ್ದು, ಒಂದಂಶ ಮಾತ್ರ ನಮ್ಮ ಕರುಳಿಗೆ ದಕ್ಕುತ್ತದೆ. ಕೋಲಾ ಪಾನೀಯಗಳಿಗೂ ಸಂಸ್ಕರಿಸಿದ ತಿನಿಸುಗಳಿಗೂ ಬೆರೆಸುವ ಫಾಸ್ಫೇಟ್ ಹಾಗಲ್ಲ. ಅದು ಬಹುತೇಕ ಪೂರ್ತಿಯಾಗಿ ರಕ್ತಕ್ಕಿಳಿಯುತ್ತದೆ. ಆದ್ದರಿಂದ ಮೊದಲು ದೂರವಿಡಬೇಕಾದದ್ದು ಅಂಗಡಿಯ ಪೊಟ್ಟಣಗಳನ್ನು ಮತ್ತು ಸೀಸೆಗಳನ್ನು. ಮುದ್ದೆಯ ಅಳತೆಯನ್ನು ವೈದ್ಯರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು.

ಅದಕ್ಕಿಂತ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವವರು, ನೋವಿಲ್ಲವೆಂದು ಸುಮ್ಮನಿರದೆ, ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ನನ್ನೂ ರಕ್ತದ ಕ್ರಿಯಾಟಿನಿನ್ನನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂತ್ರಪಿಂಡ ಸದ್ದಿಲ್ಲದೆ ಸರಿದೂಗಿಸುತ್ತಿರುವ ಆ ವರ್ಷಗಳಲ್ಲಿಯೇ ನಾವು ಅದರ ನೆರವಿಗೆ ಹೋಗಬಹುದು.