ಯಾವ ದಾರೀಲಿ ಬಂತು ಗಾಡಿ?: ಆಯಿಲ್ ಲೈಟ್ ಹಿಂದೆ ಶಿರಸಿ, ಸಿದ್ದಾಪುರ, ಯಲ್ಲಾಪುರ

ಆಯಿಲ್ ಲೈಟ್ ಆರುತ್ತಿಲ್ಲ ಎಂದು ಶಿರಸಿಯ ಗ್ಯಾರೇಜಿಗೆ ಕಾರು ತಂದರೆ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ‘ಯಾವ ದಾರೀಲಿ ಬಂದ್ರಿ?’ ಊರು ಕೇಳಿ ನೆಂಟಸ್ತಿಕೆ ಹುಡುಕುವ ಮಲೆನಾಡಿನ ಅಭ್ಯಾಸ ಎಂದು ಹೊರಗಿನವರು ನಗಬಹುದು. ನಿಜವಾಗಿ ತಪಾಸಣೆ ಶುರುವಾಗುವುದೇ ಅಲ್ಲಿಂದ. ಕೆಎ 31 ನಂಬರಿನ ಗಾಡಿಗಳು ಓಡಾಡುವ ಈ ಸೀಮೆಯಲ್ಲಿ ಸಪಾಟು ರಸ್ತೆ ಅಪರೂಪ. ಶಿರಸಿಯಿಂದ ಕುಮಟೆಗೆ ಇಳಿಯಲು ದೇವಿಮನೆ ಘಟ್ಟ, ಸಿದ್ದಾಪುರದಿಂದ ಇಳಿಯಲು ದೊಡ್ಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು. ಡಾಂಬರು ಬಿಟ್ಟರೆ ಅಡಿಕೆ ತೋಟದ ಮನೆಗಳಿಗೆ ಇಳಿಯುವ ಮಣ್ಣುದಾರಿ. ಉರಿಯುವ ಲೈಟ್ ಒಂದೇ ಆದರೂ ಬಂದ ದಾರಿಗೆ ತಕ್ಕಂತೆ ಕಾರಣ ಬೇರೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಕಾಣುವುದು ಎಣ್ಣೆಗಿಂಡಿಯ ಚಿತ್ರ, ಮೂತಿಯಲ್ಲೊಂದು ಹನಿ. ಅದನ್ನು ಕಂಡು ಆಯಿಲ್ ಖಾಲಿಯಾಯಿತು ಎಂದುಕೊಂಡು ಬಂಕಿನಲ್ಲಿ ಒಂದು ಲೀಟರ್ ಡಬ್ಬಿ ಕೊಂಡು ಸುರಿದು ಮುಂದೆ ಹೋಗುವವರಿದ್ದಾರೆ. ಲೈಟ್ ತಿಳಿಸುವುದು ಆಯಿಲಿನ ಒತ್ತಡವನ್ನು. ಇಂಜಿನ್ನಿನ ತಳದ ಚೇಂಬರಿನಿಂದ ಪಂಪು ಆಯಿಲನ್ನು ಹೀರಿ, ಫಿಲ್ಟರಿನಲ್ಲಿ ಸೋಸಿ, ಕ್ರ್ಯಾಂಕಿನ ಬೇರಿಂಗುಗಳಿಗೆ ದೂಡುತ್ತದೆ. ಇಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ ಒಂದು ಸಣ್ಣ ಸ್ವಿಚ್ ಆ ಒತ್ತಡವನ್ನು ಕಾಯುತ್ತಿರುತ್ತದೆ. ಒತ್ತಡ ಇಲ್ಲದಾಗ ಅದು ವೈರಿಗೆ ಅರ್ಥ್ ಕೊಟ್ಟು ಲೈಟ್ ಉರಿಸುತ್ತದೆ. ಒತ್ತಡ ಸುಮಾರು 0.3 ಕೆ.ಜಿ. ದಾಟಿದರೆ ಒಳಗಿನ ಪೊರೆ ಸರಿದು ಸಂಪರ್ಕ ತಪ್ಪುತ್ತದೆ. (ಗ್ಯಾರೇಜಿನವರ ಬಾಯಲ್ಲಿ ಕೆ.ಜಿ. ಎಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಒತ್ತಡ ಎಂದರ್ಥ.) ಹಾಗಾಗಿ ಕೀ ತಿರುಗಿಸಿದಾಗ ಲೈಟ್ ಉರಿಯಲೇಬೇಕು, ಸ್ಟಾರ್ಟ್ ಆದ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಕೀ ತಿರುಗಿಸಿದಾಗ ಉರಿಯದಿದ್ದರೂ ಸಮಾಧಾನಪಡುವಂತಿಲ್ಲ. ಬಲ್ಬು ಸತ್ತಿದೆ ಇಲ್ಲವೇ ವೈರು ಕಡಿದಿದೆ, ನಾಳೆ ನಿಜಕ್ಕೂ ಒತ್ತಡ ಬಿದ್ದರೆ ಸುಳಿವೇ ಸಿಗುವುದಿಲ್ಲ.

ಮೂರು ಸಾವಿರ ಆರ್‌ಪಿಎಂ ಎಂದರೆ ಕ್ರ್ಯಾಂಕು ಸೆಕೆಂಡಿಗೆ 50 ಸುತ್ತು. ಅಷ್ಟು ರಭಸದಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಆಯಿಲಿನ ಪದರ ಮಾತ್ರ. ಒತ್ತಡವಿಲ್ಲದೆ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಸುಟ್ಟು ಇಂಜಿನ್ ಸೀಜ್ ಆಗುತ್ತದೆ.

ಶಿರಸಿಯ ಹುಬ್ಬಳ್ಳಿ ರಸ್ತೆಯ ಬದಿಗೆ, ತಗಡಿನ ಮಾಡಿನ ಒಂದು ಗ್ಯಾರೇಜು. ಮಳೆಗಾಲ ಮುಗಿದಿದೆ, ಕೊನೆಕೊಯ್ಲಿಗೆ ಮೊದಲು ಗಾಡಿ ಸರಿಮಾಡಿಸಿಕೊಳ್ಳುವ ಗಡಿಬಿಡಿ. ಸೋಂದೆ ಕಡೆಯ ತೋಟದ ಮನೆಯಿಂದ ಬಂದ ಹಿರಿಯರೊಬ್ಬರು ಸಣ್ಣ ಪೆಟ್ರೋಲ್ ಕಾರನ್ನು ಪಿಕಪ್ಪಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಓಡಿಸದೆ ಎಳೆಸಿಕೊಂಡು ಬಂದದ್ದಕ್ಕೆ ಗ್ಯಾರೇಜಿನಾತ ಮೊದಲು ಶಹಬ್ಬಾಸ್ ಎಂದ. ‘ನಿನ್ನೆ ಎಲ್ಲ ಸರಿ ಇದ್ದಿತ್ತು ಮಾರಾಯಾ, ಇವತ್ತು ಲೈಟು ಹೋಗ್ತೇ ಇಲ್ಲೆ’ ಎಂದರು ಅವರು. ‘ಕೊಟ್ಟಿಗೇಲಿ ನಿಲ್ಲಿಸ್ತೀರೇನು ಹೆಗಡೇರೇ? ಅಟ್ಟದ ಮೇಲೆ ಹುಲ್ಲು ಇದ್ಯಾ?’ ಎಂದು ಈತ ಕೇಳಿದ.

ಕೇಳಿದ್ದೇನೋ ಇಲಿಯ ಗುಮಾನಿಯಿಂದ, ಆದರೆ ಕೈ ಹೋದದ್ದು ಮೊದಲು ಡಿಪ್‌ಸ್ಟಿಕ್ಕಿಗೆ. ಆ ಕ್ರಮ ಎಂದೂ ತಪ್ಪಬಾರದು. ಗಾಡಿ ಸಪಾಟು ನೆಲದಲ್ಲಿರಬೇಕು. ಮಲೆನಾಡಿನ ಎಷ್ಟೋ ಅಂಗಳಗಳಲ್ಲಿ ಇದೇ ಸಿಗುವುದಿಲ್ಲ, ಇಳಿಜಾರಿನಲ್ಲಿ ನೋಡಿದ ಅಳತೆ ಸುಳ್ಳು ಹೇಳುತ್ತದೆ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ, ಮತ್ತೆ ಅದ್ದಿ ತೆಗೆಯಬೇಕು. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಬಹುತೇಕ ಕಾರುಗಳಲ್ಲಿ ಆ ಅಂತರ ಸುಮಾರು ಒಂದು ಲೀಟರ್. ಎಷ್ಟಿದೆ ಎಂಬುದರ ಜೊತೆಗೆ ಹೇಗಿದೆ ಎಂಬುದನ್ನೂ ನೋಡಬೇಕು. ಕಡ್ಡಿಯ ಮೇಲೆ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಒಳಸೇರಿದೆ, ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಡಬೇಕು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ಬಿಳಿ ಲೇಪವಿದ್ದು ಕಡ್ಡಿ ಶುಭ್ರವಾಗಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಕಾರು ಮನೆಯಿಂದ ಡೈರಿಗೆ, ಸೊಸೈಟಿಗೆ ಎಂದು ಗಿಡ್ಡ ಓಡಾಟ ನಡೆಸಿ, ಇಂಜಿನ್ ಪೂರ್ತಿ ಬಿಸಿಯಾಗದೆ ಕಟ್ಟಿದ ತೇವ ಅದು.

ಇದೇ ಗಿಡ್ಡ ಓಡಾಟ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತಕರಾರು ತರುತ್ತದೆ. 2020ರ ಏಪ್ರಿಲ್‌ನಿಂದ ಈಚಿನ ಈ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನ ಮಸಿಯನ್ನು ಸುಟ್ಟುಕೊಳ್ಳಲು ಹದವಾದ ವೇಗದ, ತುಸು ದೀರ್ಘ ಓಟ ಬೇಕು. ಅರ್ಧಕ್ಕೇ ನಿಲ್ಲಿಸುತ್ತಿದ್ದರೆ ಸುಡಲೆಂದು ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಹಾಕದೆಯೇ ಆಯಿಲ್ ಮೇಲಿನ ಗುರುತು ದಾಟಿದ್ದರೆ ಖುಷಿಪಡಬೇಡಿ, ಆ ಆಯಿಲ್ ತೆಳುವಾಗಿದೆ, ಒತ್ತಡ ಹಿಡಿಯಲಾರದು.

ಹೆಗಡೇರ ಕಾರಿನಲ್ಲಿ ಇದಾವುದೂ ಇರಲಿಲ್ಲ. ಆಯಿಲ್ ಸರಿಯಾಗಿತ್ತು, ಬಣ್ಣವೂ ಸರಿ. ಈತ ಬಗ್ಗಿ ಸ್ವಿಚ್ಚಿನ ವೈರ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದ. ವೈರ್ ಕಿತ್ತರೆ ಅರ್ಥ್ ಹೋಗಿ ಲೈಟ್ ಆರಬೇಕು, ಆರಲಿಲ್ಲ. ಅಂದರೆ ಸ್ವಿಚ್ಚಿಗೂ ಪಂಪಿಗೂ ಸಂಬಂಧವಿಲ್ಲದೆ ದಾರಿಯಲ್ಲೆಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಹುಡುಕಿಕೊಂಡು ಹೋದರೆ ಬ್ಯಾಟರಿಯ ಕೆಳಗೆ ಪ್ಲಾಸ್ಟಿಕ್ ಸಿಪ್ಪೆ ಕಡಿದುಹೋಗಿ ತಾಮ್ರ ಕ್ಲಾಂಪಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಇಲಿಯ ಹಿಕ್ಕೆ. ಈ ಭಾಗದಲ್ಲಿ ಹಸು ಕರು ಕಡಿಮೆಯಾಗಿ ಕೊಟ್ಟಿಗೆ ಕಾರಿನ ಮನೆಯಾಗಿದೆ, ಅಟ್ಟದ ಹುಲ್ಲು ಮಾತ್ರ ಹಾಗೇ ಇದೆ. ಇಲಿಗೆ ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ನಿಗಿಂತ ಸುಖದ ಜಾಗ ಇನ್ನಾವುದು? ಟೇಪು ಸುತ್ತಿ, ಮೇಲೆ ಕೊಳವೆ ತೊಡಿಸಿ, ಮತ್ತೆ ಸ್ಟಾರ್ಟ್ ಮಾಡಿ ಲೈಟ್ ಆರಿದ್ದನ್ನು ತೋರಿಸಿದ ಮೇಲೆಯೇ ಆತ ಬಾನೆಟ್ ಇಳಿಸಿದ್ದು.

ವೈರ್ ಕಿತ್ತಾಗ ಲೈಟ್ ಆರಿದ್ದರೆ ಕತೆ ಮುಗಿಯುತ್ತಿರಲಿಲ್ಲ. ಸ್ವಿಚ್ ಕೆಟ್ಟಿರಬಹುದು, ನಿಜಕ್ಕೂ ಒತ್ತಡ ಇಲ್ಲದಿರಬಹುದು. ಅಲ್ಲಿ ಅನೇಕರು ಎಡವುತ್ತಾರೆ.

ಕಾನಸೂರು ದಾಟಿ ಸಿದ್ದಾಪುರಕ್ಕೆ ಬಂದರೆ ಗ್ಯಾರೇಜುಗಳಲ್ಲಿ ಕಾರಿನ ಹೊಟ್ಟೆ ನೋಡುವ ಕೆಲಸವೇ ಹೆಚ್ಚು. ಇಲ್ಲಿ ಕಣಿವೆಗೊಂದು ಮನೆ, ಮನೆಗೊಂದು ದಾರಿ. ಉಣುಗೋಲು ತೆಗೆದು ಒಳಹೊಕ್ಕರೆ ಜಂಬಿಟ್ಟಿಗೆ ನೆಲದಲ್ಲಿ ಎರಡು ಗಾಲಿಚಡಿ, ನಡುವೆ ಏರು, ಮಳೆ ಮಣ್ಣು ಕೊಚ್ಚಿದ ಮೇಲೆ ಆ ಏರಿನಲ್ಲಿ ತಲೆಯೆತ್ತಿದ ಕಲ್ಲು. ಸಣ್ಣ ಕಾರುಗಳ ತಳಕ್ಕೂ ನೆಲಕ್ಕೂ ಇರುವ ಎಡೆ ಸುಮಾರು 160ರಿಂದ 170 ಮಿಲಿಮೀಟರ್, ನಾಲ್ಕು ಜನ ಕೂತು ಒಂದು ಚೀಲ ಅಡಿಕೆ ಹಾಕಿದರೆ ಇನ್ನೂ ಕಡಿಮೆ. ಅಲ್ಯೂಮಿನಿಯಂ ಚೇಂಬರ್ ಆದರೆ ಕಲ್ಲಿನ ಪೆಟ್ಟು ಬಿದ್ದಾಗ ಒಡೆದು ಆಯಿಲ್ ಅಂಗಳದಲ್ಲೇ ಸುರಿಯುತ್ತದೆ, ಕಣ್ಣಿಗೆ ಕಾಣುತ್ತದೆ, ಒಳ್ಳೆಯದು. ತಗಡಿನ ಚೇಂಬರಿನದೇ ಮೋಸ. ಅದು ಒಡೆಯದೆ ಒಳಕ್ಕೆ ನೆಗ್ಗುತ್ತದೆ. ಪಂಪಿನ ಹೀರುಕೊಳವೆಯ ತುದಿಯ ಜಾಲರಿ ಚೇಂಬರಿನ ತಳದಿಂದ ಸ್ವಲ್ಪವೇ ಮೇಲಿರುತ್ತದೆ. ನೆಗ್ಗಿದ ತಗಡು ಅದರ ಬಾಯಿಗೇ ಒತ್ತಿಕೊಂಡರೆ ಹೀರಲು ಎಡೆಯಿಲ್ಲ. ಡಿಪ್‌ಸ್ಟಿಕ್ ತೋರಿಸುವುದು ಭರ್ತಿ, ಒಂದು ಹನಿ ಸೋರಿಲ್ಲ, ಲೈಟ್ ಆರುತ್ತಿಲ್ಲ. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಡದೆ ಸ್ವಿಚ್ ಬದಲಿಸುವವರು ಸೋಲುವುದು ಇಲ್ಲೇ. ಚೇಂಬರ್ ಬಿಚ್ಚಿ, ನೆಗ್ಗು ತೆಗೆದು, ಜಾಲರಿಯಲ್ಲಿ ಕಟ್ಟಿದ ಕಪ್ಪು ಜಿಡ್ಡು ತೊಳೆದು ಕೂರಿಸಿದರೆ ಕೆಲಸ ಮುಗಿಯಿತು. ಜಾಲರಿ ನೆಗ್ಗಿಲ್ಲದೆಯೂ ಕಟ್ಟಿಕೊಳ್ಳಬಹುದು. ವರ್ಷಗಟ್ಟಲೆ ಆಯಿಲ್ ಬದಲಿಸದ ಗಾಡಿಗಳ ಹಣೆಬರಹ ಅದು.

ದೊಡ್ಮನೆ ಘಟ್ಟದಂಥ ತಿರುವಿನಲ್ಲಿ ಮಾತ್ರ ಲೈಟ್ ಮಿನುಗಿ ನೇರ ದಾರಿಯಲ್ಲಿ ಆರಿದರೆ ಲೆಕ್ಕ ಸುಲಭ. ಆಯಿಲ್ ಕಡಿಮೆಯಿದ್ದು ತಿರುವಿನಲ್ಲಿ ಒಂದು ಮಗ್ಗುಲಿಗೆ ಸರಿದು ಪಂಪು ಗಾಳಿ ಹೀರುತ್ತಿದೆ. ಅಲ್ಲೇ ನಿಲ್ಲಿಸಿ ನೋಡಬೇಕು. ಆರಿತಲ್ಲ ಎಂದು ಕುಮಟೆವರೆಗೆ ಬಿಡುವುದು ದುಬಾರಿ ಧೈರ್ಯ.

ಮಂಚಿಕೇರಿ, ಬೇಡ್ತಿ ಸೇತುವೆ ದಾಟಿ ಯಲ್ಲಾಪುರ ಸೇರಿದರೆ ಲೋಕವೇ ಬೇರೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಹಿಂದೆ 63, ಈಗ 52, ಊರನ್ನು ಹಾದುಹೋಗುತ್ತದೆ. ಅಂಕೋಲೆ ಕಡೆಯಿಂದ ಅರಬೈಲು ಹತ್ತಿ ಬಂದ ಗಾಡಿಗಳು ಇಲ್ಲಿ ಚಹಾಕ್ಕೆ ನಿಲ್ಲುತ್ತವೆ. ಘಟ್ಟ ಹತ್ತುವಾಗ ಆರಿದ್ದ ಲೈಟ್ ಇಂಜಿನ್ ಐಡ್ಲಿಂಗಿಗೆ ಬಂದಾಗ ಮಿಣುಕುವುದು, ಆಕ್ಸಿಲರೇಟರ್ ತುಳಿದರೆ ಆರುವುದು ಇಲ್ಲಿಯ ಮಾಮೂಲು ದೂರು. ಬಿಸಿಗೆ ಆಯಿಲ್ ತೆಳುವಾಗಿದೆ, ಪಂಪು ನಿಧಾನ ತಿರುಗುತ್ತಿದೆ, ಸವೆದ ಬೇರಿಂಗುಗಳ ಎಡೆಯಿಂದ ಒತ್ತಡ ಸೋರಿಹೋಗುತ್ತಿದೆ. ಕಂಪನಿ ಹೇಳಿದ್ದಕ್ಕಿಂತ ತೆಳುವಾದ ಆಯಿಲ್ ಹಾಕಿದ್ದರೂ ಹೀಗಾಗುತ್ತದೆ. ಇದನ್ನು ಮುಚ್ಚಲು ದಪ್ಪ ಆಯಿಲ್ ಸುರಿದು ಕಳಿಸುವವರಿದ್ದಾರೆ. ಲೈಟ್ ಕೆಲಕಾಲ ಆರುತ್ತದೆ, ಸವೆತ ಮುಂದುವರಿಯುತ್ತದೆ. ಗಾಡಿ ಮಾರುವವರಿಗೆ ಅನುಕೂಲ, ಕೊಳ್ಳುವವರಿಗೆ ನಾಮ.

ಇಲ್ಲಿ ಕಲಿಯಬೇಕಾದ್ದು ಲಾರಿ ಕೆಲಸದವರಿಂದ. ಹಳೆಯ ಟಾಟಾ, ಲೈಲ್ಯಾಂಡ್ ಲಾರಿಗಳ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಮುಳ್ಳೇ ಇರುತ್ತಿತ್ತು. ಡ್ರೈವರ್ ಅದನ್ನು ನೋಡಿಕೊಂಡೇ ಘಟ್ಟ ಹತ್ತುತ್ತಿದ್ದ. ಹಾಗಾಗಿ ಲಾರಿ ಗ್ಯಾರೇಜಿನವರಿಗೆ ಲೈಟಿನ ಮಾತಿನಲ್ಲಿ ನಂಬಿಕೆಯಿಲ್ಲ. ಕಾರು ಬಂದರೂ ಸ್ವಿಚ್ ಬಿಚ್ಚಿ, ಆ ತೂತಿಗೆ ಗೇಜಿನ ಕೊಳವೆ ತಿರುಗಿಸಿ, ಬಿಸಿ ಇಂಜಿನ್ ಸ್ಟಾರ್ಟ್ ಮಾಡುತ್ತಾರೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 0.7 ಕೆ.ಜಿ.ಯಾದರೂ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಆಯಾ ಗಾಡಿಯ ಸರಿಯಾದ ಅಂಕಿ ಕಂಪನಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಮುಳ್ಳು ಸರಿಯಾಗಿ ಎದ್ದರೆ ಸ್ವಿಚ್ ಕೆಟ್ಟಿದೆ, ಕೆಲವು ನೂರು ರೂಪಾಯಿಯ ಮಾತು. ಏಳದಿದ್ದರೆ ಜಾಲರಿ, ಪಂಪು, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್, ಬೇರಿಂಗ್ ಎಂದು ಒಂದೊಂದಾಗಿ ನೋಡಬೇಕು. ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿದರೆ ಪಿ 0522, ಪಿ 0524ರಂಥ ಕೋಡ್ ಬರುತ್ತದೆ. ಮೊದಲನೆಯದು ಸೆನ್ಸರಿನ ವೋಲ್ಟೇಜ್ ಕಡಿಮೆ, ಎರಡನೆಯದು ಒತ್ತಡವೇ ಕಡಿಮೆ ಎನ್ನುತ್ತದೆ. ಆದರೂ ಸ್ಕ್ಯಾನರ್ ಓದುವುದು ಸೆನ್ಸರ್ ಹೇಳಿದ್ದನ್ನೇ. ನನ್ನ ಮತ ಗೇಜಿಗೆ.

ಘಟ್ಟದಲ್ಲಿ ಲೈಟ್ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಇಳಿಜಾರು ಇದೆಯಲ್ಲ, ಇಂಜಿನ್ ಆಫ್ ಮಾಡಿಯೇ ಕೆಳಗಿಳಿಸೋಣ ಎಂಬ ಯೋಚನೆ ಬೇಡವೇ ಬೇಡ. ಇಂಜಿನ್ ನಿಂತರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗ್ ಇರುವುದಿಲ್ಲ. ಪಿಕಪ್ ಕರೆಸಿ ಎಳೆಸಿದರೆ ಆಗುವ ಖರ್ಚು ಇಂಜಿನ್ ಕೆಲಸದ ಮುಂದೆ ಏನೂ ಅಲ್ಲ. ಗ್ಯಾರೇಜಿನಲ್ಲಿ ಯಾರಾದರೂ ಇಂಜಿನ್ ಇಳಿಸಬೇಕು ಎಂದರೆ, ಮೊದಲು ಗೇಜ್ ಹಾಕಿ ಮುಳ್ಳು ಎಲ್ಲಿ ನಿಲ್ಲುತ್ತದೆ ತೋರಿಸಿ ಎಂದು ಕೇಳಿ. ಅರ್ಧ ಗಂಟೆಯ ಕೆಲಸ ಅದು.