ಸುಮ್ಮನೆ ಮಲಗಿದ ಬೆಕ್ಕು ಗುಣವಾಗಿದೆಯೇ?

1984ರಲ್ಲಿ ಐದು ತಿಂಗಳ ಅವಧಿಯಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ 132 ಬೆಕ್ಕುಗಳು ಬಂದವು. ಎಲ್ಲವೂ ಬಹುಮಹಡಿ ಕಟ್ಟಡಗಳಿಂದ ಕೆಳಗೆ ಬಿದ್ದವೇ. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು. 1987ರಲ್ಲಿ ಈ ವಿವರ ಪ್ರಕಟವಾದಾಗ, ಬೆಕ್ಕು ಎಲ್ಲಿಂದ ಬಿದ್ದರೂ ಏನೂ ಆಗದೆ ಕಾಲ ಮೇಲೆ ನಿಲ್ಲುತ್ತದೆ ಎಂಬ ಹಳೆಯ ನಂಬಿಕೆಗೆ ವಿಜ್ಞಾನವೇ ಮೊಹರು ಒತ್ತಿದಂತಾಯಿತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಬಂದ ಹತ್ತು ಬೆಕ್ಕುಗಳಲ್ಲಿ ಒಂಬತ್ತಕ್ಕೆ ಎದೆಗೂಡಿನಲ್ಲಿ ಪೆಟ್ಟಾಗಿತ್ತು. ಇನ್ನು, ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲ. ಅವು ಆ ಲೆಕ್ಕಕ್ಕೇ ಸೇರಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬಿದ್ದಿರಲಿ, ಊರ ರಸ್ತೆಯಲ್ಲಿ ಬೈಕಿಗೆ ಸಿಕ್ಕಿರಲಿ, ಬೀದಿನಾಯಿಗಳ ಬಾಯಿಂದ ತಪ್ಪಿಸಿಕೊಂಡು ಬಂದಿರಲಿ, ಹೊರಗೆ ಕಾಣುವ ಗಾಯಕ್ಕಿಂತ ಕಾಣದ ಗಾಯದ ಭಯವೇ ಹೆಚ್ಚು. ಶ್ವಾಸಕೋಶ ಜಜ್ಜಿರಬಹುದು, ಅದರ ಸುತ್ತ ಗಾಳಿ ತುಂಬಿಕೊಂಡಿರಬಹುದು, ವಪೆ ಹರಿದು ಕರುಳು ಎದೆಯೊಳಕ್ಕೆ ನುಗ್ಗಿರಬಹುದು. ಆದ್ದರಿಂದಲೇ ಪಶುವೈದ್ಯರು ಮುರಿದ ಕಾಲನ್ನು ಬದಿಗಿಟ್ಟು ಮೊದಲು ಉಸಿರಾಟ ನೋಡುತ್ತಾರೆ. ಮೂಳೆ ಎರಡು ದಿನ ಕಾಯುತ್ತದೆ, ಉಸಿರು ಕಾಯುವುದಿಲ್ಲ. ಎತ್ತಿಕೊಳ್ಳುವಾಗ ದಪ್ಪ ಟವಲಿನಲ್ಲಿ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಗೆ ಸರಿಸಿ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಿ. ರೇಬಿಸ್ ಇರುವ ನಮ್ಮ ದೇಶದಲ್ಲಿ ‘ನಮ್ಮ ಮನೆ ಬೆಕ್ಕಲ್ಲವೇ’ ಎಂಬ ಸಲಿಗೆ ಬೇಡ.

ಶಸ್ತ್ರಚಿಕಿತ್ಸೆ ಮುಗಿದು ಬೆಕ್ಕು ಮನೆಗೆ ಬಂದ ಮೇಲೆ ಗೊಂದಲ ಶುರು. ಮನೆಯವರು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರೆ, ನಿಜವಾಗಿ ಪೆಟ್ಟು ತಿಂದ ಬೆಕ್ಕು ಮಂಚದ ಕೆಳಗೆ ಮೂಲೆ ಸೇರಿ ಸದ್ದಿಲ್ಲದೆ ಕುಳಿತಿರುತ್ತದೆ. ‘ಪಾಪ, ಆರಾಮಾಗಿ ಮಲಗಿದೆ’ ಎಂದುಕೊಳ್ಳುತ್ತೇವೆ. ಇಲಿಯನ್ನು ಬೇಟೆಯಾಡುವ ಬೆಕ್ಕು ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆ. ಇಂಥ ಪ್ರಾಣಿ ನೋವನ್ನು ಕೂಗಿ ಹೇಳಿದರೆ ಉಳಿಯುವುದಿಲ್ಲ. ಮೌನ ಅದರ ರಕ್ಷಣೆ.

ಈ ಮೌನವನ್ನು ಓದಲು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಕಿವಿಗಳು ಹೊರಕ್ಕೆ ತಿರುಗಿ ಚಪ್ಪಟೆಯಾಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದುಕೊಂಡಿದೆಯೇ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಹೆಗಲಿಗಿಂತ ಕೆಳಗೆ ಬಾಗಿದೆಯೇ ಎಂದು ನೋಡಿ, ಒಂದೊಂದಕ್ಕೂ 0, 1 ಅಥವಾ 2 ಅಂಕ ಕೊಡಬೇಕು. ಹತ್ತರಲ್ಲಿ ನಾಲ್ಕು ಮುಟ್ಟಿತೆಂದರೆ ನೋವಿನ ಔಷಧಿ ಸಾಲುತ್ತಿಲ್ಲ ಎಂದರ್ಥ. ಮೊಬೈಲಿನಲ್ಲಿ ಬೆಳಿಗ್ಗೆ, ಸಂಜೆ ಮುಖದ ಒಂದೊಂದು ಫೋಟೊ ತೆಗೆದಿಟ್ಟುಕೊಂಡರೆ ವೈದ್ಯರಿಗೂ ಅನುಕೂಲ. ಗುರುಗುಟ್ಟುವುದನ್ನು ಮಾತ್ರ ನಂಬಬೇಡಿ. ಬೆಕ್ಕು ಸುಖದಲ್ಲೂ ಗುರುಗುಟ್ಟುತ್ತದೆ, ಸಂಕಟದಲ್ಲೂ ಗುರುಗುಟ್ಟುತ್ತದೆ. ಆ ಕಂಪನದಿಂದಲೇ ಮೂಳೆ ಕೂಡುತ್ತದೆ ಎಂಬ ಮಾತು ಬಹಳ ಕಡೆ ಓಡಾಡುತ್ತಿದೆ. ಊಹೆ ಚೆನ್ನಾಗಿದೆ, ಪುರಾವೆ ಇಲ್ಲ.

ನೋವು ಗೊತ್ತಾದೊಡನೆ ಕೈ ಹೋಗುವುದು ಮನೆಯ ಔಷಧಿ ಡಬ್ಬಿಗೆ. ಅಲ್ಲಿರುವ ಡೋಲೋ, ಕ್ರೋಸಿನ್ ಎರಡೂ ಪ್ಯಾರಾಸಿಟಮಾಲೇ. ನಮ್ಮ ಯಕೃತ್ತು ಅದಕ್ಕೆ ಗ್ಲುಕುರೋನಿಕ್ ಆಮ್ಲ ಎಂಬುದನ್ನು ಜೋಡಿಸಿ ಮೂತ್ರದಲ್ಲಿ ಹೊರಗಟ್ಟುತ್ತದೆ. ಈ ಜೋಡಣೆ ಮಾಡುವ ಮುಖ್ಯ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಮಾಂಸವನ್ನಷ್ಟೇ ತಿಂದು ಬಂದ ವಂಶಕ್ಕೆ ಸಸ್ಯಗಳ ವಿಷವನ್ನು ಪಳಗಿಸುವ ಯಂತ್ರ ಬೇಕಾಗಲಿಲ್ಲ, ಅದು ತುಕ್ಕು ಹಿಡಿಯಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಹೊರಹೋಗದ ಪ್ಯಾರಾಸಿಟಮಾಲ್ ವಿಷವಾಗಿ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕ ಹೊರಲಾರದು. ನಾಲ್ಕು ಕಿಲೋ ತೂಗುವ ಬೆಕ್ಕಿನ ಪ್ರಾಣಕ್ಕೆ ಒಂದೇ ಮಾತ್ರೆ ಸಾಕು. ಗಾಯ ತೊಳೆಯಲು ಡೆಟಾಲ್ ಕೂಡ ಬೇಡ. ಬೆಕ್ಕು ಅದನ್ನು ನೆಕ್ಕಿಯೇ ನೆಕ್ಕುತ್ತದೆ, ಅದಕ್ಕೂ ಇದೇ ಯಕೃತ್ತಿನ ತೊಂದರೆ. ಪಶುವೈದ್ಯರ ಬಳಿ ಬೆಕ್ಕಿಗೆ ಒಗ್ಗುವ ನೋವುನಿವಾರಕಗಳಿವೆ. ಬ್ಯುಪ್ರೆನಾರ್ಫಿನ್ ಅಂಥದ್ದೊಂದು. ಬೆಕ್ಕಿನ ಜೊಲ್ಲು ಕ್ಷಾರೀಯವಾದ್ದರಿಂದ ಈ ಔಷಧಿಯನ್ನು ನುಂಗಿಸಬೇಕಿಲ್ಲ, ಒಸಡಿಗೆ ಹನಿಸಿದರೂ ರಕ್ತ ಸೇರುತ್ತದೆ.

ಔಷಧಿಯಷ್ಟೇ ಮುಖ್ಯವಾದದ್ದು ಊಟ. ಜ್ವರ ಬಂದಾಗ ಲಂಘನ ಒಳ್ಳೆಯದೆಂಬ ನಮ್ಮ ಅಜ್ಜಿಯರ ಮಾತು ಬೆಕ್ಕಿಗೆ ಹೊಂದುವುದಿಲ್ಲ. ಅದು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಹರಿಯತೊಡಗುತ್ತದೆ. ಯಕೃತ್ತು ಅಷ್ಟು ಕೊಬ್ಬನ್ನು ಅರಗಿಸಲಾರದೆ ತಾನೇ ಕೊಬ್ಬಿ ಸೋಲುತ್ತದೆ, ಕಿವಿಯ ಒಳಬದಿ ಹಳದಿಯಾಗುತ್ತದೆ. ದಢೂತಿ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಮುರಿದ ಮೂಳೆಯಿಂದ ಬದುಕಿದ ಬೆಕ್ಕು ಹಸಿವಿನಿಂದ ಸಾಯುವುದೆಂದರೆ ಇದೇ. ನಾಲ್ಕು ಕಿಲೋ ಬೆಕ್ಕು ಬರೀ ಮಲಗಿದ್ದರೂ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ಬೇಡುತ್ತದೆ. ಹಾಲನ್ನ, ಮೊಸರನ್ನದಿಂದ ಅದನ್ನು ತುಂಬಿಸಬಹುದು ಎನ್ನುವವರಿದ್ದಾರೆ. ಹೊಟ್ಟೆ ತುಂಬೀತು, ಗಾಯ ಮಾಯುವುದು ಕಷ್ಟ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸ, ಮೀನಿನಲ್ಲಿ. ಜೊತೆಗೆ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಮಡಿಯ ಅಡುಗೆಮನೆಯವರಿಗೆ ಬೆಕ್ಕಿನ ಆಹಾರದ ಪೊಟ್ಟಣ ಒಂದು ಒಳ್ಳೆಯ ರಾಜಿ. ಬೆಕ್ಕಿಗೆ ಸಿಹಿ ರುಚಿ ಗೊತ್ತೇ ಆಗುವುದಿಲ್ಲ, ಅದು ಮೂಗಿನಿಂದ ಉಣ್ಣುವ ಪ್ರಾಣಿ. ಆಹಾರವನ್ನು ಉಗುರುಬೆಚ್ಚಗೆ ಮಾಡಿಕೊಟ್ಟರೆ ವಾಸನೆ ಏಳುತ್ತದೆ. ಆದರೂ ಮುಟ್ಟದಿದ್ದರೆ ಬಾಯಿ ಅಗಲಿಸಿ ಸಿರಿಂಜಿನಲ್ಲಿ ತುರುಕಬೇಡಿ, ಶ್ವಾಸನಾಳಕ್ಕೆ ಹೋದೀತು. ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಇಳಿಸುವ ನಳಿಕೆ ನೋಡಲು ಭಯಂಕರ. ಆದರೆ ದಿನಕ್ಕೆ ನಾಲ್ಕು ಸಲ ಹಿಡಿದು ಹಿಂಸಿಸುವುದಕ್ಕಿಂತ ಅದೇ ದಯೆಯ ದಾರಿ.

ಮೂಳೆ ಕೂಡಲು ಸಾಮಾನ್ಯವಾಗಿ ಆರೆಂಟು ವಾರ ಬೇಕು, ಅಷ್ಟೂ ದಿನ ಜಿಗಿತ ನಿಷಿದ್ಧ. ನೋವು ಇಳಿದ ಬೆಕ್ಕು ತನ್ನ ಕಾಲಿಗೆ ಪ್ಲೇಟು ಹಾಕಿದೆ ಎಂಬುದನ್ನೇ ಮರೆತು ಫ್ರಿಜ್ಜಿನ ಮೇಲೆ ಹಾರುತ್ತದೆ. ನಾಯಿಗೆಂದು ಮಾರುವ ದೊಡ್ಡ ತಂತಿ ಪಂಜರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಳಗೆ ಹಾಸಿಗೆ, ನೀರು, ಅಂಚು ತಗ್ಗಿರುವ ಮಲದ ತಟ್ಟೆ ಇಡಿ. ತಟ್ಟೆಗೆ ಮರಳಿನ ಬದಲು ಹರಿದ ಪೇಪರು ಹಾಕಿ, ಹೊಲಿಗೆಗೆ ಧೂಳು ಅಂಟುವುದಿಲ್ಲ. ಅಡಗಲು ಒಂದು ರಟ್ಟಿನ ಡಬ್ಬವನ್ನೂ ಮರೆಯಬೇಡಿ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಕೇಂದ್ರಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಡಬ್ಬ ಸಿಕ್ಕವು ಬೇಗನೆ ಒತ್ತಡದಿಂದ ಹೊರಬಂದವು. ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ಕಂಡು ಮರುಗಿ ಬಿಚ್ಚಬೇಡಿ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ನಮ್ಮ ಉಗುರಿನಂತೆಯೇ ಕೆರಾಟಿನ್ನಿನವು, ಹೊಲಿಗೆ ಕೀಳಲು ಅಷ್ಟು ಸಾಕು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಆಸ್ಪತ್ರೆಯ ವಾಸನೆ ಹೊತ್ತು ಬಂದ ಗೆಳೆಯನನ್ನು ಗುರುತಿಸದೆ ಮೇಲೆ ಬೀಳಬಹುದು. ಕೆಲವು ದಿನ ಬೇರೆ ಕೋಣೆ ಇರಲಿ.

ಎರಡು ಲೆಕ್ಕ ದಿನವೂ ಬೇಕು. ಒಂದು, ನಿದ್ರೆಯಲ್ಲಿನ ಉಸಿರು: ನಿಮಿಷಕ್ಕೆ 30 ದಾಟಿದರೆ ಅಥವಾ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಇನ್ನೊಂದು ಮೂತ್ರ. ಸೊಂಟದ ಮೂಳೆ ಮುರಿದಾಗ, ಬಾಲ ಚಕ್ರಕ್ಕೆ ಸಿಕ್ಕಿ ಜಗ್ಗಿದಾಗ ಮೂತ್ರಕೋಶದ ನರಗಳು ಸತ್ತಿರಬಹುದು. ಒಂದು ದಿನವಿಡೀ ತಟ್ಟೆ ಒಣಗಿದ್ದರೆ ಅದು ತುರ್ತು.

ಕೆಲವು ಕಾಲುಗಳು ಎಷ್ಟು ಮಾಡಿದರೂ ಉಳಿಯುವುದಿಲ್ಲ. ಕಾಲು ತೆಗೆಯಬೇಕು ಎಂದು ವೈದ್ಯರು ಹೇಳಿದೊಡನೆ ‘ಹಾಗೆ ಬದುಕುವುದಕ್ಕಿಂತ ಇಂಜೆಕ್ಷನ್ ಕೊಟ್ಟುಬಿಡಿ’ ಎನ್ನುವ ಮಾಲೀಕರಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ. ಬೇರೆ ಕಾಲುಗಳು ಗಟ್ಟಿಯಿದ್ದರೆ ಬಹುಪಾಲು ಬೆಕ್ಕುಗಳು ಕೆಲವೇ ವಾರಗಳಲ್ಲಿ ಮೂರು ಕಾಲಿನಲ್ಲಿ ನಡೆಯುತ್ತವೆ, ಓಡುತ್ತವೆ, ಕಪಾಟು ಕೂಡ ಹತ್ತುತ್ತವೆ.